ಸುಣ್ಣದ ಗೆರೆಯ ಆಚೆ

ಅದು 2006ನೇ ಇಸವಿ. ಹೊಸಪೇಟೆಯಲ್ಲಿ ತುಳಸಿ ದಳವನ್ನೂ ಎರಡು ಸಲ ತೊಳೆದು ದೇವರಿಗೆ ಏರಿಸಬೇಕು, ಅಷ್ಟು ಅದಿರಿನ ಧೂಳು.

ಮಕ್ಕಳೇ, ನಿಮ್ಮ ತಾತ, ಅಂದರೆ ನನ್ನ ಯಜಮಾನರು, ಸಂಡೂರಿನ ಗಣಿಯಲ್ಲಿ ಮೇಸ್ತ್ರಿಯಾಗಿದ್ದರು. ಅದಕ್ಕೆ ಕೆಲವು ವರ್ಷ ಮೊದಲು ಗುಡ್ಡದ ಉತ್ತರದ ಬದಿ ಕುಸಿದು ಅವರು ಒಳಗೇ ಉಳಿದರು. ಎಷ್ಟು ಹುಡುಕಿದರೂ ಸಿಗಲಿಲ್ಲ. ಹೆಣ ಸಿಗದ ಜಾಗಕ್ಕೆ ಆ ಗಣಿಯ ಕೂಲಿಯವರು ಸುಣ್ಣದ ಗೆರೆ ಎಳೆಯುತ್ತಿದ್ದರು. ಅದರಾಚೆ ಯಾರೂ ಹಾರೆ ಹಾಕುತ್ತಿರಲಿಲ್ಲ. ಗಣಿಯ ಹಳೆಯ ಸಾಹುಕಾರರು ತಾತನಿಗೆ ಕೊಟ್ಟಿದ್ದ ಷೇರುಗಳು ನನ್ನ ಹೆಸರಿಗೆ ಬಂದವು. ಷೇರು ಎಂದರೇನೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಣಿಯ ಫೋರ್‌ಮನ್ ಹನುಮಂತಣ್ಣ ಜೀಪು ತಂದ.

“ಅಕ್ಕಾ, ಟಿ.ಬಿ. ಡ್ಯಾಂ ಹತ್ರ ಹೋಟೆಲಿನಾಗ ಆಫೀಸರ್‌ಗಳಿಗೆ ಟ್ರೇನಿಂಗ್ ನಡದೈತಿ. ಷೇರುದಾರರೊಬ್ಬರನ್ನ ಎದುರಿಗೆ ಕುಂದ್ರಸಬೇಕಂತ. ಬರ್ರಿ.”

“ನಂಗ ಮಾತು ಬರಂಗಿಲ್ಲಣ್ಣ, ಬ್ಯಾಡ.”

“ಮಾತು ಅವರದು, ಚಾ ಬಿಸ್ಕತ್ತು ನಿಮ್ದು,” ಎಂದು ನಕ್ಕ.

ಹೋಟೆಲಿನ ಹಾಲ್‌ನಲ್ಲಿ ಪರದೆಗಳನ್ನು ಎಳೆದಿದ್ದರು. ಎ.ಸಿ.ಗೆ ನನ್ನ ಕೈಕಾಲು ತಣ್ಣಗಾದವು. ನಡುವಿನ ಮೇಜಿನ ಮೇಲೆ ದೊಡ್ಡ ತಟ್ಟೆಯಲ್ಲಿ ನಮ್ಮ ಗುಡ್ಡವನ್ನೇ ಚಿಕ್ಕದಾಗಿ ಮಾಡಿಟ್ಟಿದ್ದರು, ಗಣಿಯಿಂದ ತಂದ ಮಣ್ಣಿನಲ್ಲಿ. ತಾತನ ಅಂಗಿಯಿಂದ ಬರುತ್ತಿದ್ದ ವಾಸನೆ ಕೋಣೆಯ ತುಂಬ.

ಬೆಂಗಳೂರಿನಿಂದ ಬಂದಿದ್ದ ಟ್ರೇನರ್ ನನ್ನನ್ನು ಮುಂದೆ ಕೂರಿಸಿ ಹೇಳಿದರು: “ನೋಡಿ, ನಿಮ್ಮ ಮಾಲೀಕರು ಇವರು. ಇವರ ಷೇರಿನ ಬೆಲೆ ಬೆಳೆಸೋದೇ ನಿಮ್ಮ ಕೆಲಸ. ಈಗ ಹೇಳಿ, ಗುಡ್ಡದಲ್ಲಿ ಸುಮ್ಮನೆ ಬಿದ್ದಿರೋ ಆಸ್ತಿ ಯಾವುದು?”

ಹೊಸದಾಗಿ ಸೇರಿದ್ದ ಆಫೀಸರ್ ಒಬ್ಬರು ಎದ್ದರು. “ಉತ್ತರದ ಬದಿ ಸರ್. ಒಳ್ಳೇ ಅದಿರು. ಸರ್ವೆಯವರು ಬಿಳಿ ಗೆರೆ ಕೂಡ ಎಳೆದಿದ್ದಾರೆ. ನಾಳೆನೇ ಶುರು ಮಾಡಬಹುದು.”

ಸುಣ್ಣದ ಗೆರೆಯನ್ನು ಅವರು ಸರ್ವೆ ಗೆರೆ ಅಂದುಕೊಂಡಿದ್ದರು! ಅದಿರಿನ ಜೊತೆ ನಿಮ್ಮ ತಾತನೂ ಪುಡಿಯಾಗಿ, ಲಾರಿ ಹತ್ತಿ, ಹಡಗು ಹತ್ತಿ, ಹೆಸರೂ ಗೊತ್ತಿಲ್ಲದ ದೇಶಕ್ಕೆ ಹೋಗಿಬಿಟ್ಟರೆ?

ಟ್ರೇನರ್ ತಟ್ಟೆಯ ಗುಡ್ಡದ ಉತ್ತರದ ಬದಿಗೆ ಒಂದು ಪುಟ್ಟ ಬಾವುಟ ಚುಚ್ಚಿದರು. ಬಿತ್ತು. ಮತ್ತೆ ಒತ್ತಿ ಚುಚ್ಚಿದರು. ಆ ಬದಿಯ ಮಣ್ಣಷ್ಟೇ ಸರ್ರನೆ ಜಾರಿ ಬಾವುಟವನ್ನು ನುಂಗಿಬಿಟ್ಟಿತು.

“ಗುಡ್ಡಕ್ಕೆ ನಮ್ಮ ಲೆಕ್ಕ ಒಪ್ಪಿಗೆ ಇಲ್ಲ ಸರ್,” ಎಂದು ಯಾರೋ ನಗಿಸಿದರು.

“ಒಣಮಣ್ಣು, ಅದಕ್ಕೇ,” ಎಂದರು ಟ್ರೇನರ್. ಆದರೆ ತಟ್ಟೆಯ ಅಂಚಿನಿಂದ ನನ್ನ ಕೈಮೇಲೆ ಬಿದ್ದ ಮಣ್ಣು ಹಸಿಯಾಗಿತ್ತು. ಆ ಚಳಿ ಕೋಣೆಯಲ್ಲೂ ಬೆಚ್ಚಗಿತ್ತು.

“ಮಾಲೀಕರೇ ಹೇಳಲಿ. ಅಗೆಯೋಣ್ವಾ ಅಮ್ಮಾ? ಎಲ್ಲಾ ನಿಮ್ಮ ಲಾಭಕ್ಕೇ,” ಎಂದು ಟ್ರೇನರ್ ನನ್ನತ್ತ ತಿರುಗಿದರು.

ಮೈದುನನ ಎದುರಿಗೂ ಬಾಯಿ ಬಿಡದ ನಾನು ಎದ್ದು ನಿಂತಿದ್ದೆ.

“ಅಲ್ಲಿ ನಮ್ಮ ಮನಿಯವ್ರು ಮಣ್ಣಾಗ ಅದಾರ್ರಿ. ಇನ್ನೂ ಸಿಕ್ಕಿಲ್ಲ. ಅಗೀಬ್ಯಾಡ್ರಿ.”

ಬಾಗಿಲ ಬಳಿಯಿಂದ ಹನುಮಂತಣ್ಣ, “ಖರೇ ಐತಿ ಸಾಹೇಬ್ರ. ಅದು ಸರ್ವೆ ಗೆರಿ ಅಲ್ರಿ, ನಮ್ಮವರು ಎಳದದ್ದು,” ಎಂದ. ಟ್ರೇನರ್ ತಟ್ಟೆಯಿಂದ ಮೆಲ್ಲಗೆ ಕೈ ಹಿಂದಕ್ಕೆ ಎಳೆದುಕೊಂಡರು.

ಆ ಬದಿಯನ್ನು ಮುಟ್ಟಲಿಲ್ಲವೆಂದು ಆಮೇಲೆ ಹನುಮಂತಣ್ಣ ಆಣೆ ಮಾಡಿ ಹೇಳಿದ. ನಂಬಿದ್ದೇನೆ. ಆದರೂ ಮರಿಯಮ್ಮನಹಳ್ಳಿ ರಸ್ತೆಯಲ್ಲಿ ಅದಿರು ತುಂಬಿದ ಲಾರಿ ಎದುರಾದರೆ ನನಗರಿವಿಲ್ಲದೆ ಕೈ ಸೆರಗಿಗೆ ಹೋಗುತ್ತದೆ. ತಾತನೆದುರು ನಿಲ್ಲುತ್ತಿದ್ದ ಹಾಗೇ ತಲೆ ತುಂಬ ಹೊದ್ದು, ಅದು ದಾಟುವವರೆಗೂ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ.