ಗಿಟಾರಿನ ದನಿ ಮಂಕಾದ ವರ್ಷ

ದೊಡ್ಡಬಳ್ಳಾಪುರದಲ್ಲಿ ಹಗಲೆಲ್ಲ ಪವರ್‌ಲೂಮಿನ ಮುಂದೆ ನಿಂತು ರೇಷ್ಮೆ ಸೀರೆ ನೇಯುವವನು ಸಂಜೆ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೆ ಹಾಕಿಕೊಂಡರೆ ಜನ ನಗದೆ ಇರುತ್ತಾರೆಯೇ? ನಕ್ಕರು. ನಗಲಿ ಬಿಡಿ ಎಂದುಕೊಂಡೆ. ಎಪ್ಪತ್ತರ ದಶಕದ ಮಧ್ಯದ ಮಾತಿದು. ಬೆಂಗಳೂರಿನ ದಂಡು ಪ್ರದೇಶದವರೊಬ್ಬರು ಊರು ಬಿಟ್ಟು ಹೋಗುವಾಗ ಮಾರಿದ ಗಿಟಾರ್ ಅದು. ಕೆಂಪು ಬಣ್ಣ ಅಲ್ಲಲ್ಲಿ ಎದ್ದಿತ್ತು, ದನಿ ಮಾತ್ರ ಬೆಣ್ಣೆ. ಅದನ್ನು ಹಿಡಿದುಕೊಂಡು ನಮ್ಮೂರಿನ ಆರ್ಕೆಸ್ಟ್ರಾ ಸೇರಿದೆ. ಮದುವೆಯಿರಲಿ, ಗಣೇಶನ ಪೆಂಡಾಲಿರಲಿ, ಕರೆದಲ್ಲಿಗೆಲ್ಲ ಹೋಗುತ್ತಿದ್ದೆವು. ಮಗ್ಗದ ಮನೆಯಲ್ಲಿ ನಾನು ಹತ್ತರಲ್ಲಿ ಹನ್ನೊಂದನೆಯವನು; ವೇದಿಕೆಯ ಮೇಲೆ ಗಿಟಾರಿನವನು ನಾನೊಬ್ಬನೇ. ಆ ಜಾಗ ಉಳಿಸಿಕೊಳ್ಳಲು ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇತ್ತು.

ಮೊದಲು ಕೆಟ್ಟದ್ದು ವಾಲ್ಯೂಮ್ ಗುಂಡಿ. ತಿರುಗಿಸಿದರೆ ಸ್ಪೀಕರಿನಲ್ಲಿ ಕರಕರ. ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ; ಅವರ ತಂಗಿ ನಮ್ಮ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದಳು. ಅಣ್ಣ ಗಿಟಾರ್ ಬಿಚ್ಚಿ ಗುಂಡಿಯ ಕೆಳಗಿನ ಕಂಟ್ರೋಲ್ ತೆಗೆದು ಹೊಸದು ಹಾಕಿದರು. ಕರಕರ ನಿಂತುಹೋಯಿತು. ನನ್ನ ತಲೆ ಕೆಟ್ಟದ್ದು ಅಲ್ಲಿಂದಲೇ. ಒಂದು ಸಾಮಾನು ಬದಲಿಸಿದ್ದಕ್ಕೆ ಇಷ್ಟು ಗುಣ ಕಂಡರೆ, ಎಲ್ಲವನ್ನೂ ಬದಲಿಸಿದರೆ ಇನ್ನೆಷ್ಟು ಚೆನ್ನಾಗಬಹುದು ಎಂಬ ಆಸೆ ಹತ್ತಿತು.

ಅಷ್ಟರಲ್ಲಿ ದನಿ ಮಂಕಾಗತೊಡಗಿತು. ತಂತಿ ಮೀಟಿದರೆ ಮೊದಲಿನ ಮಿಂಚಿಲ್ಲ, ಗಿಟಾರಿಗೆ ಕಂಬಳಿ ಹೊದೆಸಿದ ಹಾಗೆ. ಬೆಂಗಳೂರಿಗೆ ಹೋಗಿ ಕಂಡೆನ್ಸರ್ ತಂದೆ, ಒಳಗಿನ ವೈರು ತಂದೆ, ಸಾಕೆಟ್ ತಂದೆ. ಅಣ್ಣ ಒಂದೊಂದಾಗಿ ಬೆಸುಗೆ ಹಾಕಿದರು. ಎಲ್ಲ ಆದಮೇಲೂ ಅದೇ ಮಂಕು.

"ಈ ಕಂಡೆನ್ಸರ್ ಏನ್ ಮಾಡುತ್ತೆ ಗೊತ್ತೇನಪ್ಪಾ? ಚೂಪು ದನೀನ ಒಂದಿಷ್ಟು ಹೊರಗೆ ಬಿಡ್ದೆ ತಡೆಯುತ್ತೆ, ಅಷ್ಟೇ," ಎಂದರು ಅಣ್ಣ. "ಅದೇ ಅಳತೇದು ಎಷ್ಟು ಹೊಸದು ಹಾಕಿದ್ರೂ ದನಿ ಬದಲಾಗಲ್ಲ ಕಣೋ."

"ಬಾರ್ಸೋನು ನಾನಾ, ನೀನಾ?" ಎಂದೆ. "ತಡೆಯೋದೇ ಆದ್ರೆ ಅದನ್ನ ಕಿತ್ತೇ ಹಾಕ್ಬಿಡು."

ಅವರು ಮುಖ ದಪ್ಪ ಮಾಡಿಕೊಂಡು ಕಿತ್ತರು. ಈಗ ಸ್ವಲ್ಪ ಜೀವ ಬಂತು ಎಂದು ನನಗನ್ನಿಸಿತು. ಅದೇ ವಾರ ನಂದಗುಡಿಯಲ್ಲಿ ಒಂದು ಮದುವೆಗೆ ಹೋದೆವು. ನಾಲ್ಕು ಹಾಡು ಮುಗಿಯುವುದರೊಳಗೆ ಅಣ್ಣನ ತಂಗಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅಣ್ಣಾ, ನಿಮ್ ಗಿಟಾರು ಕಿವಿಗೆ ಸೂಜಿ ಚುಚ್ಚಿದಂಗೆ ಆಗ್ತೈತೆ. ಒಂಚೂರು ಕಮ್ಮಿ ಮಾಡ್ಕೊಳ್ಳಿ."

"ನೀನು ಮೊದ್ಲು ಶ್ರುತಿ ಹಿಡಿದು ಹಾಡು, ಹೋಗು!" ಎಂದುಬಿಟ್ಟೆ. ಎಲ್ಲರ ಎದುರಿಗೆ. ಅವಳ ಕಣ್ಣು ತುಂಬಿಕೊಂಡವು. ಥೂ, ಅದನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ. ವಾಪಸು ಬರುವಾಗ ವ್ಯಾನಿನಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು ಖಡಾಖಂಡಿತವಾಗಿ ಹೇಳಿದರು: "ದೇವನಹಳ್ಳಿ ಪೆಂಡಾಲಿನ ಪ್ರೋಗ್ರಾಂ ಬರೋದ್ರೊಳಗೆ ಗಿಟಾರ್ ಸರಿ ಮಾಡ್ಸು. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೊತೀನಿ."

ಮಾರನೆಯ ದಿನ ಅಣ್ಣನ ಅಂಗಡಿಗೆ ಕಿಡಿಕಿಡಿಯಾಗಿ ಹೋದೆ. "ಏನ್ ಬೆಸುಗೆ ಹಾಕಿದ್ಯೋ ಏನೋ, ನನ್ನ ಅನ್ನಕ್ಕೆ ಕಲ್ಲು ಹಾಕ್ಬಿಟ್ಟೆ!" ಎಂದು ಕೂಗಾಡಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಅಣ್ಣ ಬ್ಯಾಟರಿಯ ಎರಡು ಟ್ರಾನ್ಸಿಸ್ಟರ್ ರೇಡಿಯೋಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಒಂದರ ಮುಳ್ಳು ತಿರುಗಿಸಿದರೆ ಇನ್ನೊಂದರಲ್ಲಿ ಶಿಳ್ಳೆ ಏಳುತ್ತದೆ. ತಿರುಗಿಸಿದಷ್ಟೂ ಶಿಳ್ಳೆ ಮೇಲಕ್ಕೇರುತ್ತದೆ.

"ನಿಂತೋದಾಗ ಹೇಳು," ಎಂದರು.

ಶಿಳ್ಳೆ ಎದ್ದಿತು, ಏರಿತು, ತೆಳ್ಳಗಾಯಿತು, ಹೋಯಿತು. "ಹೂಂ, ನಿಂತೋಯ್ತು," ಎಂದೆ. ಅಷ್ಟರಲ್ಲಿ ಒಳಗಿನಿಂದ ಬಂದಿದ್ದ ತಂಗಿ ಅಣ್ಣನ ಹಿಂದೆ ಎರಡೂ ಕಿವಿ ಮುಚ್ಚಿಕೊಂಡು ಮುಖ ಹಿಂಡಿಕೊಂಡು ನಿಂತಿದ್ದಳು. "ಸಾಕು ಆರ್ಸಣ್ಣ, ತಲೆ ಸಿಡೀತೈತೆ!" ಎಂದಳು.

"ಇಬ್ರೂ ಸೇರಿ ನಾಟಕ ಆಡ್ತಿದೀರಾ?" ಎಂದು ರೇಗಿದೆ. ಅಣ್ಣ ತಂಗಿಯನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿ ಮತ್ತೆ ಶಿಳ್ಳೆ ಎಬ್ಬಿಸಿದರು. ಮೂರು ಸಲ. ಮೂರು ಸಲವೂ ನನಗೆ ಅದೇ ಜಾಗದಲ್ಲಿ ಶಿಳ್ಳೆ ಸತ್ತಿತು. ಅವಳು ಮಾತ್ರ ಅಣ್ಣ ರೇಡಿಯೋ ಆರಿಸಿದಾಗಲೇ ಕಿವಿಯಿಂದ ಕೈ ತೆಗೆದಳು.

"ಆ ಮಗ್ಗದ ಸದ್ದಲ್ಲಿ ಎಷ್ಟು ವರ್ಷದಿಂದ ನಿಂತಿದ್ದೀಯಾ?" ಎಂದು ಅಣ್ಣ ಕೇಳಿದರು.

"ಹದಿನಾರು."

"ಗಿಟಾರಲ್ಲಿ ಏನೂ ಕೆಟ್ಟಿಲ್ಲ ಕಣಪ್ಪಾ," ಎಂದರು. ಸ್ಟೂಲಿನ ಮೇಲೆ ಕೂತೆ. ಅಳು ಬಂತು, ಅತ್ತೆ. ಆಮೇಲೆ ನನಗೆ ತೋಚಿದ್ದು ಒಂದೇ: ನನ್ನ ಕಿವಿಯ ವಿಷಯ ಮೇಷ್ಟ್ರಿಗೆ ತಿಳಿದರೆ ನನ್ನ ಜಾಗ ಹೋಯಿತು. ಯಾರಿಗೂ ಹೇಳಬೇಡಿ ಎಂದು ಇಬ್ಬರಿಗೂ ಕೈಮುಗಿದೆ. ಅಣ್ಣ ಕಿತ್ತಿಟ್ಟಿದ್ದ ಕಂಡೆನ್ಸರನ್ನು ಹುಡುಕಿ ಮತ್ತೆ ಬೆಸೆದರು.

ದೇವನಹಳ್ಳಿಯಲ್ಲಿ ಕಾರ್ಯಕ್ರಮ ಶುರುವಾಗುವ ಮುಂಚೆ ಗಿಟಾರಿನ ಗುಂಡಿಗಳನ್ನು ತನ್ನ ಕಿವಿಗೆ ಹಿಡಿಸುವಂತೆ ತಿರುಗಿಸಿ ಇಟ್ಟವಳು ಅಣ್ಣನ ತಂಗಿ. "ಮುಗಿಯೋವರೆಗೂ ಮುಟ್ಬೇಡಿ ಅಣ್ಣಾ," ಎಂದಳು. ಕೈ ಎಷ್ಟು ತುಡಿದರೂ ಮುಟ್ಟಲಿಲ್ಲ. ನನಗೆ ಕೇಳಿಸಿದ್ದು ಬರೀ ಮೊಂಡು ಸದ್ದು. ಬೆರಳು ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಗುತ್ತಿದೆ ಎಂಬ ನಂಬಿಕೆಯ ಮೇಲೆ ನುಡಿಸುತ್ತಾ ಹೋದೆ. ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಹಾರ್ಮೋನಿಯಂ ಬಿಟ್ಟು ಎದ್ದು ಬಂದು ನನ್ನ ಭುಜ ಹಿಡಿದು ಅಲ್ಲಾಡಿಸಿದರು.

"ಬಂತು ನೋಡೋ ಹಳೇ ದನಿ! ಆಹಾ, ಕೇಳಿದ್ಯಾ?"

"ಕೇಳ್ದೆ ಮೇಷ್ಟ್ರೇ," ಎಂದೆ.