ಕಚ್ಚಿ ಕುಡಿದ ನೀರು

ಬಿಸಿ ಮೆಣಸಿನಕಾಯಿ ಬಜ್ಜಿಯನ್ನು ತಮ್ಮ ರವಿ ಮುಟ್ಟದೆ ಬಿಟ್ಟಾಗಲೇ ನನಗೆ ಅನುಮಾನ ಬಂತು.

"ಬಾಯಿ ಉರೀತಿದೆ ಅಕ್ಕ" ಎಂದ. ನಾಲಿಗೆ ನೋಡಿದೆ. ಮೊಸರು ಮೆತ್ತಿದ ಹಾಗೆ ಬೆಳ್ಳಗಿತ್ತು. "ಉಷ್ಣ ಕಣೇ" ಎಂದಳು ಅಮ್ಮ. ಎಳನೀರು, ಬಾರ್ಲಿ ನೀರು, ನಾಲಿಗೆಗೆ ಬೆಣ್ಣೆ, ಎಲ್ಲಾ ಆಯಿತು. ಇಳಿದದ್ದು ಉಷ್ಣವಲ್ಲ, ಅವನ ಮೈ.

ಜಯನಗರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಟಾರ್ಚ್ ಹಾಕಿ ನೋಡಿದರು. "ಇದು ಫಂಗಸ್. ಗಂಟಲಿಗೂ ಇಳಿದಿರೋ ಹಾಗಿದೆ. ಮೈಯಲ್ಲಿ ರೋಗ ತಡೆಯೋ ಶಕ್ತಿ ಕುಗ್ಗಿದಾಗ ಹೀಗಾಗುತ್ತೆ. ಬ್ಲಡ್ ಟೆಸ್ಟ್ ಮಾಡ್ಸೋಣ್ವಾ?" ರವಿ ಹೂಂ ಎಂದ.

ಎಚ್‌ಐವಿ ಪಾಸಿಟಿವ್.

ಎಂಜಲಿನಿಂದ, ಜೊತೆಗೆ ಉಣ್ಣುವುದರಿಂದ ಇದು ಹರಡುವುದಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಫಂಗಸ್‌ಗೆ ಫ್ಲುಕೊನಜೋಲ್ ಮಾತ್ರೆ ಕೊಟ್ಟರು. "ನೀರೂ ಇಳೀದಿದ್ರೆ ತಡ ಮಾಡ್ಬೇಡಿ, ಅಡ್ಮಿಟ್ ಮಾಡ್ಬೇಕಾಗುತ್ತೆ" ಎಂದರು. ಇಟ್ಟಮಡುವಿನ ಮನೆಗೆ ಬಂದು ಅಮ್ಮನಿಗೆ ನಾನೇ ಎಲ್ಲಾ ಹೇಳಿದೆ. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು.

ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೇ ಚೊಂಬು. ತುಟಿ ತಾಗಿಸದೆ ಎತ್ತಿ ಕುಡಿಯಬೇಕು. ಕಚ್ಚಿ ಕುಡಿದರೆ ಅಮ್ಮ ಬೀದಿಗೆ ಕೇಳುವ ಹಾಗೆ ಬೈಯುತ್ತಿದ್ದಳು. ರವಿ ಯಾರೂ ಹೇಳದೆ ತನಗೊಂದು ಲೋಟ ಬೇರೆ ಇಟ್ಟುಕೊಂಡ. ಅದನ್ನೂ ಎತ್ತಿಯೇ ಕುಡಿಯುತ್ತಿದ್ದ, ಪುಣ್ಯಾತ್ಮ! ಉರಿಯುವ ಗಂಟಲಿಗೆ ನೀರು ಸುರಿದರೆ ಇಳಿದೀತೇ? ಮೂಗಿಗೇರಿ ಕೆಮ್ಮಿ ಒದ್ದಾಡುತ್ತಿದ್ದ. ಕೊನೆಗೆ ನೀರೇ ಬೇಡವೆಂದ. ಕಳೆದುಕೊಂಡುಬಿಡುತ್ತೇವೆ ಎಂದು ನನಗೆ ಭಯವಾಯಿತು.

ಅಮ್ಮ ಅವನ ತಲೆಯನ್ನು ತೋಳಿಗೆ ಒರಗಿಸಿಕೊಂಡು, ಮನೆಯ ಚೊಂಬನ್ನೇ ಅವನ ತುಟಿಗಿಟ್ಟಳು.

"ಕಚ್ಕೊಂಡು ಕುಡಿ ಕಂದಾ."

"ಎಂಜಲಾಗುತ್ತಮ್ಮ."

"ಎಂಜಲಿನ ಮನೆ ಹಾಳಾಗ! ನೀನು ಉಳ್ಕೊಳೋ ಮೊದ್ಲು."

ಗುಟುಕು ಗುಟುಕಾಗಿ ಕುಡಿದ. ಇಳಿಯಿತು.

ಮಾತ್ರೆ ಹಿಡಿಯಿತು, ಬಿಳಿ ಕರಗಿತು. ಆಮೇಲೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಶುರುವಾಯಿತು. ಅದನ್ನು ಬದುಕಿಡೀ ನುಂಗಬೇಕು. ಎಚ್‌ಐವಿ ಹೋಗಿಲ್ಲ, ಹೋಗುವುದೂ ಇಲ್ಲವಂತೆ. ಜ್ವರ ಬಂದರೆ ಈಗಲೂ ಆಸ್ಪತ್ರೆಗೆ ಓಡುತ್ತೇವೆ. ಆದರೂ ಅವನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ. ಅಷ್ಟು ಸಾಕು ನಮಗೆ.

ಮೊನ್ನೆ ಬಜ್ಜಿ ಕರಿದೆ. ಖಾರ ಹತ್ತಿ, ರವಿ ಚೊಂಬಿಗೆ ಬಾಯಿ ಹಾಕಿದ.

"ಲೋ, ಎತ್ತಿ ಕುಡಿಯೋ! ನಾವ್ಯಾರೂ ಅದ್ರಲ್ಲಿ ಕುಡೀಬೇಡ್ವಾ?" ಅಮ್ಮ ಗದರಿದಳು.

ಬೈಸಿಕೊಂಡು ಅಷ್ಟು ಖುಷಿಪಟ್ಟವನನ್ನು ನಾನು ಕಂಡಿಲ್ಲ. ನಗುತ್ತಾ ಚೊಂಬು ಕೆಳಗಿಟ್ಟ.

ಉಳಿದ ನೀರನ್ನು ಅಮ್ಮ ಕುಡಿದಳು.