ಕಡಲ ಹೂವಿಗೆ ಪಂಪು ಕೂರಿಸಿದ್ದು

ನಮ್ಮ ಮನೆಗೆ ಸಮುದ್ರ ಬಂದದ್ದು ಮಂಗಳೂರು ಹೆಂಚಿನ ಲಾರಿಯಲ್ಲಿ. ಎಂಬತ್ತರ ದಶಕದ ಮೊದಲ ವರ್ಷಗಳು. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ತೆಂಗಿನ ತೋಟ, ತೋಟದ ಬಾಗಿಲಲ್ಲೇ ಮನೆ. ಲಾರಿಯವನು ಹೆಂಚುಗಳ ನಡುವೆ ಹುಲ್ಲು ಸುತ್ತಿ ಇಟ್ಟಿದ್ದ ಕೆಲವು ಕ್ಯಾನುಗಳನ್ನೂ ಮುಚ್ಚಳವಿದ್ದ ಒಂದು ಬಕೆಟ್ಟನ್ನೂ ಜಗಲಿಯ ಮೇಲಿಳಿಸಿ ನನ್ನ ಅಪ್ಪನಿಗೆ ವರದಿ ಒಪ್ಪಿಸಿದ: "ನಿಮ್ಮ ಬೀಗ್ರು ಕಳ್ಸವ್ರೆ. ಕುಲುಕ್ಬ್ಯಾಡ ಅಂದವ್ರೆ. ಘಾಟಿ ಪೂರ್ತಿ ಕುಲುಕ್ಕೊಂಡೇ ಬಂದೀನಿ, ಅದಕ್ಕೇನೂ ಆಗಿಲ್ಲ ಬುಡಿ."

ಅಪ್ಪ ಮುಚ್ಚಳ ತೆಗೆದರು. ಒಳಗೆ ಒಂದು ಕಲ್ಲು. ಕಲ್ಲಿನ ಮೇಲೆ ಅಂಗೈಯಗಲದ ಕಂದು ಹಸಿರು ಹೂವು. ಎಸಳುಗಳು ಮಗುವಿನ ಬೆರಳಿನಂತೆ ದುಂಡಗೆ. ಪಕ್ಕದಲ್ಲಿ ಮೈಮೇಲೆ ಪಟ್ಟೆ ಇದ್ದ ಎರಡು ಪುಟ್ಟ ಮೀನು.

"ಮೀನು," ಎಂದರು ಅಪ್ಪ. ಮನೆಗೆ ಬೆಂಕಿ ಬಿದ್ದಿದೆ ಎನ್ನುವವರೂ ಅದಕ್ಕಿಂತ ಹಗುರವಾಗಿ ಹೇಳುತ್ತಾರೆ.

ನಮ್ಮದು ಮೊಟ್ಟೆಯ ಸಿಪ್ಪೆ ಕಂಡರೆ ಅಂಗಳ ತೊಳೆಯುವ ಮನೆ. ಅಮ್ಮ ಅಡುಗೆಮನೆಯಿಂದ ಬಂದವರು ಒಮ್ಮೆ ಬಗ್ಗಿ ನೋಡಿ, ಸೆರಗನ್ನು ಮೂಗಿಗೆ ಒತ್ತಿ ಹಿಡಿದು ನಿಂತರು. ಇಬ್ಬರೂ ಬಕೆಟ್ಟನ್ನು ಬಿಟ್ಟು ನನ್ನನ್ನು ನೋಡತೊಡಗಿದರು, ನಾನೇ ಅದರೊಳಗೆ ಈಜುತ್ತಿದ್ದವನಂತೆ.

ನನ್ನ ಹೆಂಡತಿ ಕರಾವಳಿಯವಳು. ಆ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರಾಗಿದ್ದಾಗ ಕೂಡಿಬಂದ ಸಂಬಂಧ. ಅವರೂ ನಮ್ಮಂತೆಯೇ ಸಸ್ಯಾಹಾರಿಗಳು. ಆದರೆ ಅವಳ ತಾಯಿಗೆ ಸಮುದ್ರದ ಬಂಡೆಗಳ ನಡುವಿನ ಗುಂಡಿಗಳಲ್ಲಿ ಸಿಕ್ಕಿದ್ದನ್ನೆಲ್ಲ ಹಿತ್ತಲಿನ ಸಿಮೆಂಟು ತೊಟ್ಟಿಯಲ್ಲಿ ಸಾಕುವ ಹವ್ಯಾಸ. ಆ ತಾಯಿ ನಮ್ಮ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ತೊಟ್ಟಿಯಲ್ಲಿ ಉಳಿದಿದ್ದದ್ದು ಈ ಹೂವು. ಮಾವ ಅದನ್ನು ಮಗಳಿಗೆ ಕಳಿಸಿದ್ದರು.

"ಅಮ್ಮ ಸಾಕಿದ್ದು ಅಂತ ನನಗೆ ಉಳಿದಿರುವುದು ಇದೊಂದೇ ಜೀವ," ಎಂದು ಹೆಂಡತಿ ನನಗೆ ಹೇಳಿದಳು. "ಇದು ಸತ್ತರೆ ನಾನು ಎಂತ ಮಾಡಲಿ, ಹೇಳಿ?" ಹೂವಿಗೆ ಜೀವ ಎಂದದ್ದನ್ನು ನಾನು ಅಲಂಕಾರ ಎಂದು ತಿಳಿದೆ. ಕನ್ನಡ ಮೇಷ್ಟ್ರು ಬೇರೆ ಏನೆಂದು ತಿಳಿದಾನು?

ಹೂವು ಎಂಬ ಆಧಾರದ ಮೇಲೆಯೇ ಅದಕ್ಕೆ ಮನೆಯೊಳಗೆ ಪ್ರವೇಶ ಸಿಕ್ಕಿತು. ಹೂವಿನ ಜೊತೆ ಬಂದ ಮೀನುಗಳನ್ನು, ಮದುವೆ ದಿಬ್ಬಣದ ಜೊತೆ ಬಂದ ಕರೆಯದ ನೆಂಟರಂತೆ, ಸಹಿಸಿಕೊಳ್ಳಲಾಯಿತು. ತಿಪಟೂರಿನಲ್ಲಿ ಗಾಜಿನ ತೊಟ್ಟಿ ಮಾಡಿಸಿ ನಡುಮನೆಯ ಕಿಟಕಿಯ ಕೆಳಗಿಟ್ಟೆವು. ಅಮ್ಮ ಗಾಜಿನ ಮೂಲೆಗೊಂದು ಕುಂಕುಮದ ಬೊಟ್ಟಿಟ್ಟರು. ತಿಂಗಳಿಗೊಮ್ಮೆ ಲಾರಿಯಲ್ಲಿ ಹೊಸ ನೀರು ಬರುತ್ತಿತ್ತು. ಒಂದು ದಿನ ಎರಡು ಮೀನಿನಲ್ಲಿ ಒಂದು ಕಾಣೆಯಾಯಿತು. ಅಮ್ಮ ಬೆಕ್ಕನ್ನು ಪೊರಕೆ ಹಿಡಿದು ತೋಟದ ಕೊನೆಯವರೆಗೂ ಅಟ್ಟಿದರು. ಹೆಂಡತಿ ಏನೂ ಹೇಳಲಿಲ್ಲ.

ಸಮುದ್ರದಲ್ಲಿ ನೀರು ಒಂದು ಕಡೆ ನಿಲ್ಲುವುದಿಲ್ಲವಲ್ಲ. ನಿಂತ ನೀರಿನಲ್ಲಿ ಹೂವು ಬಾಡುತ್ತದೆಂದು ಅವಳು ಬೆಳಿಗ್ಗೆ ಸಂಜೆ ತೊಟ್ಟಿಯ ಮುಂದೆ ಕೂತು, ಚೊಂಬಿನಲ್ಲಿ ನೀರೆತ್ತಿ ಅದೇ ತೊಟ್ಟಿಗೆ ಸುರಿಯುತ್ತಿದ್ದಳು. ಅಮ್ಮ ಅಕ್ಕಿ ಆರಿಸುತ್ತಾ ಅದನ್ನು ನೋಡಿ, "ಎತ್ತೋದು, ಸುರಿಯೋದು. ಎತ್ತೋದು, ಸುರಿಯೋದು. ನಮ್ಮ ಕಡೆ ಇಂಗೆ ಮಾಡಿದ್ರೆ ತಾಯತ ಕಟ್ಟುಸ್ತಾರೆ ಕಣಮ್ಮ," ಎನ್ನುತ್ತಿದ್ದರು.

ಅಪ್ಪನಿಗೆ ಇದರಿಂದ ಬೇರೆ ರೀತಿಯಲ್ಲಿ ನೋವಾಯಿತು. ಅಪ್ಪ ಸುತ್ತಮುತ್ತಲಿಗೆ ಪಂಪ್‌ಸೆಟ್ ಕೂರಿಸಿದವರು. ಶೆಟ್ಟಿಕೆರೆಯಿಂದ ಮಾಯಸಂದ್ರದವರೆಗೆ ಯಾರು ಬಾವಿ ತೋಡಿದರೂ ಮೊದಲು ಪುರೋಹಿತರಿಗೆ ಹೇಳುತ್ತಿದ್ದರು, ಆಮೇಲೆ ಅಪ್ಪನಿಗೆ. ಮೋಟಾರು ಕೆಟ್ಟ ದಿನ ಈ ಕ್ರಮ ತಿರುಗುಮುರುಗಾಗುತ್ತಿತ್ತು. ಅಂಥವರ ಮನೆಯಲ್ಲಿ, ಅವರ ಕಣ್ಣೆದುರಿಗೆ, ಒಬ್ಬ ಹೆಣ್ಣುಮಗಳು ಕೈಯಿಂದ ನೀರೆತ್ತುವುದೆಂದರೆ!

"ಮೀನಿನ ವಿಷ್ಯ ನನಗೆ ಬ್ಯಾಡ," ಎಂದರು ಅಪ್ಪ. "ನೀರಿನ ವಿಷ್ಯ ನನಗೆ ಬುಡು."

ಬೆಂಗಳೂರಿನಿಂದ ಒಂದು ಪುಟ್ಟ ಪಂಪು ತರಿಸಿದರು. ಗಾಳಿ ತಂಪು ಮಾಡುವ ಕೂಲರಿಗೆ ಹಾಕುವಂಥದು. ಮೋಟಾರು ನೀರಿನ ಮೇಲಿರಬೇಕು, ಅದರ ಉದ್ದನೆಯ ಕಡ್ಡಿಯ ತುದಿಯಲ್ಲಿದ್ದ ಚಕ್ರ ನೀರೊಳಗೆ ತಿರುಗಬೇಕು. ಕೆಳಗಿನ ಬಾಯಿಂದ ನೀರು ಹೀರಿ, ಬದಿಯ ಕೊಳವೆಯಿಂದ ಹೊರಗೆ ಚಿಮ್ಮಿಸುತ್ತದೆ. ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು, ಆನೆ ಸಾಕಿದವನು ಇಲಿಮರಿಯನ್ನು ನೋಡಿದಂತೆ ನೋಡಿದರು. ಆದರೆ ಕೆಲಸದಲ್ಲಿ ಅಗೌರವ ತೋರಿಸಲಿಲ್ಲ. ಹಲಸಿನ ಹಲಗೆಯೊಂದನ್ನು ತೊಟ್ಟಿಯ ಅಡ್ಡಕ್ಕೆ ಅಳತೆ ಮಾಡಿ ಕೊಯ್ದರು. ಗಾಜು ಅದುರಿ ಒಡೆಯಬಾರದೆಂದು ಸೈಕಲ್ ಟ್ಯೂಬನ್ನು ಸೀಳಿ ಹಲಗೆಯ ಕೆಳಗೆ ಹಾಸಿದರು. ಮೋಟಾರನ್ನು ಹಲಗೆಗೆ ಬಿಗಿದು, ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಮತ್ತೆ ಬಿಗಿದರು. ಬಾವಿಗೆ ಪಂಪು ಇಳಿಸುವಾಗಿನಂತೆ ಅಮ್ಮ ಊದಿನಕಡ್ಡಿ ಹಚ್ಚಿ ತಂದರು.

ಕೊನೆಗೆ ಬಂದದ್ದು ಕೊಳವೆಯ ಮುಖ ಯಾವ ಕಡೆಗಿರಬೇಕೆಂಬ ಪ್ರಶ್ನೆ. ಅಪ್ಪನಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ಕ್ಯಾನಿನ ನೀರನ್ನು ಬಂದ ದಿನವೇ ನಾಲಗೆಗೆ ಹಚ್ಚಿ ನೋಡಿದ್ದರು. ತೆಂಗಿನ ಬುಡಕ್ಕೆ ಉಪ್ಪು ಹಾಕುವುದು ನಮ್ಮ ಸೀಮೆಯ ರೂಢಿ. ಉಪ್ಪು ಬೇಡುವ ಗಿಡ ಎಂದ ಮೇಲೆ ಇದು ತೆಂಗಿನ ದಾಯಾದಿಯೇ ಇರಬೇಕೆಂದು ಅವರು ತೀರ್ಮಾನಿಸಿಬಿಟ್ಟಿದ್ದರು. ತೆಂಗಿಗೆ ನೀರು ಎಲ್ಲಿಗೆ ಬೀಳಬೇಕೋ ಇದಕ್ಕೂ ಅಲ್ಲಿಗೇ. ಕೊಳವೆಯನ್ನು ಹೂವಿನ ಬುಡಕ್ಕೆ ಗುರಿಯಿಟ್ಟು ಕೂರಿಸಿದರು.

"ಮಾವ, ಅದಕ್ಕೆ ನೇರ ಹೊಡೆಯಬಾರದು," ಎಂದಳು ಹೆಂಡತಿ. "ನೀರು ಸುತ್ತಿ ಬಂದು ಮುಟ್ಟಿದರೆ ಸಾಕು."

"ಸುತ್ತಿ ಬರೋ ನೀರು ಪಕ್ಕದ ತೋಟಕ್ಕೆ ಹೋಯ್ತದೆ ಕಣಮ್ಮ. ಬುಡಕ್ಕೆ ಬಿದ್ದಿದ್ದೇ ನೀರು. ನಲವತ್ತು ವರ್ಷದಿಂದ ಇದೇ ಮಾಡ್ತಿವ್ನಿ."

ಅವಳು ನನ್ನ ಮುಖ ನೋಡಿದಳು. ನನಗೆ ಛಂದಸ್ಸು ಬರುತ್ತಿತ್ತು, ಇದು ಬರುತ್ತಿರಲಿಲ್ಲ. ಅಪ್ಪ ಸ್ವಿಚ್ಚು ಹಾಕಿದರು. ನೀರು ಬುಸ್ಸೆಂದು ಹೊರಟು ಹೂವಿಗೆ ಬಡಿಯಿತು. ಎಸಳುಗಳೆಲ್ಲ ಒಂದು ಕಡೆಗೆ ವಾಲಿ, ಸ್ವಲ್ಪ ಹೊತ್ತಿನಲ್ಲೇ ಒಳಕ್ಕೆ ಸೇರಿಕೊಂಡವು. ಹೂವಿದ್ದ ಜಾಗದಲ್ಲಿ ಒಂದು ಮುಷ್ಟಿ ಉಳಿಯಿತು.

"ನೋಡು, ಎಂಗೆ ಕುಡೀತೈತೆ," ಎಂದರು ಅಪ್ಪ ತೃಪ್ತಿಯಿಂದ.

ಹೆಂಡತಿ ಆ ರಾತ್ರಿ ಊಟ ಮಾಡಲಿಲ್ಲ.

ಮಾರನೆಯ ದಿನ ಭಾನುವಾರ. ನಾನೂ ಅಪ್ಪನೂ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ನಡುಮನೆಯಿಂದ ಅಮ್ಮನ ಧ್ವನಿ ಬಂತು. ಕೂಗಲ್ಲ. ಕೂಗಾಗಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲ.

"ಏನ್ರೀ. ಹೂವು ಕಲ್ಲಿನ ಮ್ಯಾಲಿಲ್ಲ ಕಣ್ರೀ."

ಒಳಗೆ ಓಡಿದೆವು. ಕಲ್ಲು ಬೋಳಾಗಿತ್ತು. ನೀರಿನ ಏಟಿಗೆ ಕಿತ್ತು ಹೋಯಿತೆಂದು ಅಪ್ಪ ತಳದಲ್ಲಿ ಹುಡುಕುತ್ತಿದ್ದಾಗ ಅಮ್ಮ ಬೆರಳು ತೋರಿಸಿದರು. ಹೂವು ತೊಟ್ಟಿಯ ಗಾಜಿನ ಗೋಡೆಗೆ ಅಂಟಿಕೊಂಡಿತ್ತು. ಅಂಟಿಕೊಂಡು ಸುಮ್ಮನಿರಲಿಲ್ಲ. ಗಾಜಿನ ಈಚೆಯಿಂದ ನೋಡುವ ನಮಗೆ ಅದರ ತಳ ಕಾಣುತ್ತಿತ್ತು. ಅದರ ಒಂದು ಅಂಚು ಮುಂದಕ್ಕೆ ಸರಿಯಿತು. ಸ್ವಲ್ಪ ಹೊತ್ತಿಗೆ ಉಳಿದದ್ದು ಅದರ ಹಿಂದೆ ಬಂತು.

"ನಡೀತಾ ಐತೆ," ಎಂದರು ಅಮ್ಮ.

ಅಪ್ಪ ಕೊಬ್ಬರಿ ಮೂಟೆಯ ಮೇಲೆ ಕುಸಿದು ಕೂತರು. ನಡೆಯುವ ಗಿಡವನ್ನು ಅವರು ಕಂಡಿರಲಿಲ್ಲ. ತೋಟದ ಮರಗಳೆಲ್ಲ ಒಂದು ಬೆಳಿಗ್ಗೆ ಎದ್ದು ತುರುವೇಕೆರೆ ಬಸ್ಸಿಗೆ ನಿಂತಿದ್ದರೆ ಹೇಗೋ, ಅವರ ಮುಖ ಹಾಗಿತ್ತು. ನನ್ನ ಸ್ಥಿತಿಯೂ ಅದೇ. ಒಂದು ವರ್ಷ ಸಂಸಾರ ಮಾಡಿದ ಹೆಂಡತಿಯ ತವರಿನ ಸೊತ್ತು, ನನ್ನ ಕಣ್ಣ ಮುಂದೆ, ನನ್ನ ಮನೆಯಲ್ಲಿ, ಜಾಗ ಬದಲಾಯಿಸುತ್ತಿತ್ತು.

ನಾವು ಮೂವರು ಬೆಪ್ಪಾಗಿ ನಿಂತಿದ್ದಾಗ ಹೂವು ಪಂಪಿನ ಕೆಳಗಿನ ಬಾಯಿಯ ಹತ್ತಿರಕ್ಕೆ ಬಂದಿತ್ತು. ಬಚ್ಚಲಿನಿಂದ ಬಂದ ಹೆಂಡತಿ ಅದನ್ನು ಕಂಡು ಕಿರುಚುವಷ್ಟರಲ್ಲಿ ಅದರ ಒಂದು ಪಕ್ಕ ಸರ್ರನೆ ಒಳಗೆ ಹೋಯಿತು. ಮೋಟಾರು ಗುರ್ ಎಂದು ಉಸಿರು ಕಟ್ಟಿದಂತಾಯಿತು. ನೀರಿಗೆ ಕಂದು ಬಣ್ಣದ ಚೂರುಗಳು ಬಂದವು. ಅವಳು ಎರಡೂ ಕೈಗಳನ್ನು ತೊಟ್ಟಿಗೆ ಚಾಚಿದಳು.

"ಕೈ ಹಾಕ್ಬ್ಯಾಡ! ಕರೆಂಟ್ ಐತೆ!"

ಅಪ್ಪ ಹಾಗೆ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಒಂದೇ ನೆಗೆತಕ್ಕೆ ಗೋಡೆಯ ಹತ್ತಿರ ಹೋಗಿ ಮೇನಿನ ಫ್ಯೂಜನ್ನೇ ಕಿತ್ತು ಕೈಯಲ್ಲಿ ಹಿಡಿದು ನಿಂತರು. ಅವಳು ನೀರಿಗೆ ಕೈಯಿಳಿಸಿ, ಪಂಪಿನ ಬಾಯಿಂದ ಜೋತಾಡುತ್ತಿದ್ದ ಹೂವನ್ನು ಕೆಳಗಿನಿಂದ ಬೊಗಸೆಯಲ್ಲಿ ಹಿಡಿದುಕೊಂಡಳು. ಎಳೆಯಲಿಲ್ಲ.

ಅಪ್ಪ ಸ್ಕ್ರೂಡ್ರೈವರ್ ತಂದರು. ಹಲಗೆ ಬಿಚ್ಚಿ, ಪಂಪು, ಹೂವು, ಸೊಸೆಯ ಬೊಗಸೆ ಮೂರನ್ನೂ ಒಟ್ಟಿಗೆ, ಸಮುದ್ರದ ನೀರು ತುಂಬಿದ ಅಗಲ ಬೇಸಿನ್ನಿಗೆ ಸಾಗಿಸಿದೆವು. ಅಪ್ಪ ಚಕ್ರದ ಸುತ್ತಲಿನ ಚಿಪ್ಪನ್ನು ನೀರೊಳಗೇ ತಡವಿ ತಡವಿ ಬಿಚ್ಚತೊಡಗಿದರು.

"ಇದರ ಬುಡ ಯಾವುದಮ್ಮ? ಅದಕ್ಕೆ ಏಟಾಗ್ದಂಗೆ ತೆಗೀಬೇಕು."

"ಬುಡ ಅಲ್ಲ ಮಾವ. ಅದು ಕಾಲು."

"ಕಾಲು," ಎಂದರು ಅಪ್ಪ.

"ನಡುವೆ ಉಂಟಲ್ಲ, ಅದು ಬಾಯಿ."

ಅಪ್ಪನ ಕೈ ನಿಂತಿತು. "ಬಾಯಿ ಇದ್ದ ಮ್ಯಾಲೆ ಏನಾರ ತಿನ್ಬೇಕಲ್ಲ?"

ಅವಳು ತಲೆಯೆತ್ತಲಿಲ್ಲ. ಆಗ ನನಗೆ ಎಲ್ಲವೂ ಅರ್ಥವಾಗತೊಡಗಿತು. ಹೂವು ಎಂಬ ಹೆಸರಿನ ಮೇಲೆ ಮನೆಯೊಳಗೆ ಬಂದದ್ದು, ಆ ಹೆಸರು ಹೋದ ಗಳಿಗೆ ಹೊರಗೆ ಹೋಗಬೇಕಾಗುತ್ತದೆ ಎಂದು ಅವಳು ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

"ಮೀನು ಮಾವ," ಎಂದಳು ಕೊನೆಗೆ. "ಸಿಗಡಿ. ಅಂಥದ್ದು."

"ಶಿವನೇ," ಎಂದರು ಅಮ್ಮ. "ಅಂಗಾರೆ ಆ ಪಟ್ಟೆ ಮೀನು?"

"ಬೆಕ್ಕು ಅಲ್ಲ ಅತ್ತೆ."

ಅಮ್ಮನ ಕಣ್ಣು ಗಾಜಿನ ಮೂಲೆಯ ಕುಂಕುಮದ ಮೇಲೆ ಹೋಯಿತು. ಆ ಕ್ಷಣದಲ್ಲಿ ಅವರ ಮನಸ್ಸಿನಲ್ಲಿ ಏನು ನಡೆಯಿತೋ ವಿವರಿಸುವ ಸಾಮರ್ಥ್ಯ ನನಗೆ ಇಂದಿಗೂ ಇಲ್ಲ. ತಾವೇ ಬೊಟ್ಟಿಟ್ಟು, ಊದಿನಕಡ್ಡಿ ಬೆಳಗಿ, ಒಬ್ಬ ಮಾಂಸಾಹಾರಿಯನ್ನು ನಡುಮನೆಯಲ್ಲಿ ಪ್ರತಿಷ್ಠಾಪಿಸಿದ್ದರು.

ನಾನು ಅಪ್ಪನನ್ನೇ ನೋಡುತ್ತಿದ್ದೆ. "ಆಚೆಗೆ ಹಾಕು" ಎಂಬ ಮಾತು ಬರುತ್ತದೆಂದು ಕಾದೆ. ಹೆಂಡತಿಯೂ ಕಾಯುತ್ತಿದ್ದಳು. ಅವಳ ಬೊಗಸೆ ಮೊದಲಿಗಿಂತ ಬಿಗಿಯಾಯಿತು.

"ಬಂದು ಎಷ್ಟು ದಿವ್ಸ ಆಯ್ತು ಇದು?" ಎಂದು ಕೇಳಿದರು ಅಪ್ಪ.

"ಎರಡು ತಿಂಗಳಾಯಿತು ಮಾವ."

"ಅಲ್ಲಿಂದ ಏನು ಹಾಕಿದೀಯ?"

"ಏನೂ ಇಲ್ಲ. ಈ ಮನೆಗೆ ಅದನ್ನೆಲ್ಲ ಹೇಗೆ ತರಿಸಲಿ?"

ಅಪ್ಪನ ಮುಖ ನಿಜವಾಗಿ ಬಿಳಚಿಕೊಂಡದ್ದು ಆಗ. ಹೂವು ನಡೆದಾಗಲೂ ಅಷ್ಟು ಬಿಳಚಿಕೊಂಡಿರಲಿಲ್ಲ. ನಮ್ಮ ಮನೆಯ ನಿಯಮ ಒಂದೇ. ಹೊಸ್ತಿಲು ದಾಟಿ ಬಂದವರು ಉಣ್ಣದೆ ಹೋಗಬಾರದು. ಬಾಕಿಗಾಗಿ ಪಂಪ್‌ಸೆಟ್ಟಿನ ಕರೆಂಟ್ ಲೈನು ಕಡಿಯಲು ಬಂದವನಿಗೂ ಊಟ ಹಾಕಿ, ಕೈತೊಳೆಯಲು ನೀರು ಕೊಟ್ಟು, ಆಮೇಲೆ ಜಗಳವಾಡಿದವರು ಅಪ್ಪ.

"ನನ್ನ ಮನೇಲಿ," ಎಂದರು ತೀರಾ ಮೆಲ್ಲಗೆ, "ಎರಡು ತಿಂಗಳು ಉಪಾಸ ಇತ್ತಾ ಅದು?"

ಅವರು ಮತ್ತೆ ಬಗ್ಗಿ ಚಿಪ್ಪು ಬಿಚ್ಚಿದರು. ಚಕ್ರಕ್ಕೆ ಸುತ್ತಿಕೊಂಡಿದ್ದ ಭಾಗವನ್ನು ಉಗುರಿನ ತುದಿಯಿಂದ, ಹಸುಗೂಸಿನ ಕೈಯಿಂದ ಬಳೆ ತೆಗೆದಂತೆ, ಎಳೆ ಎಳೆಯಾಗಿ ಬಿಡಿಸಿದರು. ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಹೂವಿನ ಒಂದು ಪಕ್ಕ ಹರಿದುಹೋಗಿತ್ತು. ಬದುಕುತ್ತದೋ ಇಲ್ಲವೋ ಹೆಂಡತಿಗೂ ಗೊತ್ತಿರಲಿಲ್ಲ. ಹೊಟ್ಟೆಗೆ ಬಿದ್ದರೆ ಗಾಯ ಕೂಡಬಹುದು ಎಂದಳು.

"ಈಗ ಪಂಪು ಎಲ್ಲಿ ಕೂರಿಸ್ಲಿ, ನೀನೇ ಹೇಳು," ಎಂದರು ಅಪ್ಪ.

ಅವಳು ಹೇಳಿದಂತೆ ಕೊಳವೆಯನ್ನು ಎದುರು ಗಾಜಿನ ಕಡೆಗೆ ತಿರುಗಿಸಿದರು. ನೀರು ಗೋಡೆಗೆ ಬಡಿದು, ಮುರಿದು, ಎರಡು ಕಡೆಯಿಂದ ಬಳಸಿಕೊಂಡು ಕಲ್ಲಿನ ಹತ್ತಿರಕ್ಕೆ ಬಂತು. ಹೀರುವ ಬಾಯಿಗೆ ಅಮ್ಮ ತಾವಾಗಿಯೇ ಟೀ ಸೋಸುವ ಪ್ಲಾಸ್ಟಿಕ್ ಜಾಲರಿಯನ್ನು ತಂದು ಕೊಟ್ಟರು, ಮುಖ ಸಿಂಡರಿಸಿಕೊಂಡೇ. ಅಪ್ಪ ಅದನ್ನು ಬಾಯಿಗೆ ಕಟ್ಟಿ, ಬೆರಳಿಟ್ಟು ಪರೀಕ್ಷಿಸಿ, ಆಮೇಲೆ ಫ್ಯೂಜು ಹಾಕಿದರು. ಹರಿದ ಹೂವು ಮುಷ್ಟಿಯಾಗಿ ಕಲ್ಲಿನ ಮೇಲೆ ಕೂತಿತ್ತು. ಮರುದಿನವೂ ಹಾಗೇ ಇತ್ತು. ಬಣ್ಣ ಮಾಸುತ್ತಿತ್ತು.

ಸಂತೆಯ ದಿನ ಅಪ್ಪ ಬಿಳಿ ಪಂಚೆಯುಟ್ಟು, ಹೆಗಲಿಗೆ ಟವಲು ಹಾಕಿ, ಯಾರಿಗೂ ಹೇಳದೆ ಸೈಕಲ್ ಹತ್ತಿದರು. ಅವರು ಮೀನು ಮಾರುವ ಸಾಲಿನಲ್ಲಿ ನಿಂತಿದ್ದ ಸುದ್ದಿ ಅವರಿಗಿಂತ ಮುಂಚೆ ಮನೆಗೆ ಬಂತು. ಪಕ್ಕದ ತೋಟದವರು ಕಣ್ಣಾರೆ ಕಂಡು, ತಡೆಯಲಾರದೆ ಹತ್ತಿರ ಹೋಗಿ ಕೇಳಿಯೇ ಬಿಟ್ಟಿದ್ದರಂತೆ.

"ಏನ್ ಯಜಮಾನ್ರೇ, ನೀವು ಇಲ್ಲಿ?"

"ಸೊಸೆ ತವರು ಕಡೇರು ಒಬ್ರು ಬಂದವ್ರೆ," ಎಂದರಂತೆ ಅಪ್ಪ. "ಅವ್ರಿಗೆ ಮೈಯಾಗೆ ಸರಿಯಿಲ್ಲ. ಇದೇ ಬೇಕಂತೆ."

ಪೊಟ್ಟಣವನ್ನು ಸೈಕಲ್ಲಿನ ಹಿಂದೆ ತೆಂಗಿನ ನಾರಿನಲ್ಲಿ ಬಿಗಿದು ತಂದರು. ಮುಟ್ಟದೆ ನನಗೆ ತೋರಿಸಿ, ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು, ಒದ್ದೆ ಟವಲಿನಲ್ಲೇ ನಡುಮನೆಗೆ ಬಂದು ಗೋಡೆಗೆ ಮುಖ ಮಾಡಿ ನಿಂತರು. ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಕಿಂಡಿಯಿಂದ ನೋಡುತ್ತಿದ್ದರು.

ಹೆಂಡತಿ ಸಿಗಡಿಯ ಒಂದು ಚೂರನ್ನು ಬಿದಿರು ಕಡ್ಡಿಗೆ ಸಿಕ್ಕಿಸಿ ನೀರಿಗೆ ಇಳಿಸಿದಳು. ಮುಷ್ಟಿಯ ಹತ್ತಿರ ಹಿಡಿದಳು. ಏನೂ ಆಗಲಿಲ್ಲ. ಕಡ್ಡಿ ಹಿಡಿದ ಅವಳ ಕೈ ಸೋತು ಅಲುಗತೊಡಗಿತು. ಆಮೇಲೆ ಮುಷ್ಟಿಯ ಹರಿಯದ ಪಕ್ಕದಿಂದ ಒಂದು ಬೆರಳು ಹೊರಗೆ ಬಂತು. ಚೂರನ್ನು ಮುಟ್ಟಿತು. ಅದರ ಹಿಂದೆ ಇನ್ನೊಂದು. ಎರಡೂ ಸೇರಿ ಚೂರನ್ನು ಒಳಕ್ಕೆ ಬಾಗಿಸಿಕೊಂಡವು.

"ತಿಂತಾ?" ಎಂದರು ಅಪ್ಪ, ಗೋಡೆಯ ಕಡೆಗೇ ನೋಡುತ್ತಾ.

ಅವಳು ಕಡ್ಡಿಯಿಂದ ಕಣ್ಣು ತೆಗೆಯಲಿಲ್ಲ. ನಾನೇ ಹೇಳಿದೆ. "ತಿಂತು ಅಪ್ಪ."

"ಇನ್ನೊಂದು ಚೂರು ಬಡಿಸಮ್ಮ," ಎಂದರು ಅಪ್ಪ. "ಹೊಸ ಜಾಗ. ನಾಚ್ಕೋತದೆ ಅದು."